ತಿರುಳ್ಗನ್ನಡದ ತಿರುಕ ಉತ್ತಂಗಿ ಚನ್ನಪ್ಪನವರು

ಸರ್ವಜ್ಞನ ಹೆಸರು ಕೇಳದವರು ನಮ್ಮ ಕೊಂಡ್ಲಹಳ್ಳಿಯಲ್ಲಿ ಒಬ್ಬರೂ ಇರಲಿಕ್ಕಿಲ್ಲ. ಓದು ಬರಹ ಬಾರದ ನಮ್ಮಜ್ಜಿ ಕೂಡ ಸಾಲದ ಮಾತು ಬಂದರೆ ಸಾಕು, ಸರ್ವಜ್ಞನ ಒಂದು ವಚನ ಹೇಳಿಯೇ ಮುಂದಿನ ಮಾತಾಡ್ತಾಳೆ. ಆದರೆ ಆ ವಚನಗಳನ್ನೆಲ್ಲ ಓಲೆಗರಿಗಳಿಂದ, ಹಳೇ ಕಡತಗಳಿಂದ, ಜನರ ಬಾಯಿಂದ ಕೂಡಿಸಿ, ಅಚ್ಚುಕಟ್ಟಾಗಿ ವಿಂಗಡಿಸಿ ಪುಸ್ತಕ ಮಾಡಿಕೊಟ್ಟವರು ಯಾರು ಅಂತ ಮೇಷ್ಟ್ರು ಕೇಳಿದಾಗ ನಮ್ಮ ತರಗತಿಯಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರು ಒಬ್ಬ ಕ್ರೈಸ್ತ ಪಾದ್ರಿ ಅಂತ ಮೇಷ್ಟ್ರು ಹೇಳಿದಾಗ ಹಿಂದಿನ ಬೆಂಚಿನೋರು ನಕ್ಕರು. ದಿನಾ ಬೆಳಿಗ್ಗೆ ಬೈಬಲ್ ಓದಿ ಏಸುವಿಗೆ ಪ್ರಾರ್ಥನೆ ಮಾಡೋ ಮನುಷ್ಯನಿಗೆ ನಮ್ಮ ಸರ್ವಜ್ಞ ಯಾಕೆ ಬೇಕಾದ? ಈ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅದಕ್ಕೇ ಈ ಸಾರಿ ಗೋಡೆ ಪತ್ರಿಕೆಗೆ ಅವರ ಜೀವನ ಚರಿತ್ರೆ ಬರೆದಿದ್ದೇನೆ.

ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ನೇ ಇಸವಿ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದರು. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಉತ್ತಂಗಿ ಅನ್ನೋದು ಹೂವಿನ ಹಡಗಲಿ ತಾಲ್ಲೂಕಿನ ಒಂದು ಊರು. ಇವರ ಹಿರಿಯರು ಆ ಊರಿನ ಲಿಂಗಾಯತ ಮನೆತನದವರು. ಹಿರಿಯರ ಕಾಲದಲ್ಲೇ ಮನೆಯವರು ಕ್ರೈಸ್ತ ಧರ್ಮಕ್ಕೆ ಸೇರಿದರು, ಆದರೆ ಊರಿನ ಹೆಸರು ಬಿಡಲಿಲ್ಲ. ತಂದೆಯ ಹೆಸರನ್ನು ಸ್ವಲ್ಪ ನಿಧಾನ ಓದಿ ನೋಡಿ. ದಾನಿಯೇಲ ಅಂದರೆ ಬೈಬಲಿನ ಒಬ್ಬ ಪ್ರವಾದಿ. ರಾಜನನ್ನು ಬಿಟ್ಟು ಬೇರೆ ಯಾರನ್ನೂ ಬೇಡಿಕೊಳ್ಳಬಾರದು ಅಂತ ಆಜ್ಞೆ ಆದಾಗಲೂ ಕಿಟಕಿ ತೆರೆದಿಟ್ಟುಕೊಂಡು ದಿನಕ್ಕೆ 3 ಸಾರಿ ಮೊಣಕಾಲೂರಿ ದೇವರಿಗೆ ಪ್ರಾರ್ಥನೆ ಮಾಡಿದವನು. ಅದಕ್ಕಾಗಿ ಅವನನ್ನು ಸಿಂಹಗಳ ಗುಹೆಗೆ ಹಾಕಿದರು, ಸಿಂಹಗಳು ಮುಟ್ಟಲಿಲ್ಲ ಅಂತ ಕತೆ ಇದೆ. ಆ ಪರದೇಶದ ಹೆಸರಿಗೆ ನಮ್ಮವರು ಅಪ್ಪ ಅಂತ ಸೇರಿಸಿ ದಾನಿಯೇಲಪ್ಪ ಮಾಡಿಕೊಂಡರು. ಮಗನಿಗೆ ಚನ್ನಪ್ಪ ಅಂತಲೇ ಇಟ್ಟರು. ಇವರ ಇಡೀ ಜೀವನ ಆ ಎರಡು ಹೆಸರುಗಳಲ್ಲೇ ಇದೆ ಅಂತ ನನಗೆ ಅನ್ನಿಸುತ್ತೆ.

ಇವರು ಬೆಳೆದದ್ದು ಬಾಸೆಲ್ ಮಿಶನ್ನಿನ ವಾತಾವರಣದಲ್ಲಿ. ಬಾಸೆಲ್ ಅನ್ನೋದು ಸ್ವಿಟ್ಜರ್ಲೆಂಡಿನ ಒಂದು ಪಟ್ಟಣ. ಅಲ್ಲಿ 1815ರಲ್ಲಿ ಈ ಮಿಶನ್ ಶುರುವಾಯಿತು. 1834ರಲ್ಲಿ ಅದರ ಪಾದ್ರಿಗಳು ಮಂಗಳೂರಿಗೆ ಬಂದು, ಮುಂದೆ 1837ರಲ್ಲಿ ಧಾರವಾಡಕ್ಕೂ ಬಂದರು. ಇವರಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ಹಳ್ಳಿ ಮತ್ತು ಸಣ್ಣ ಪಟ್ಟಣಗಳಿಂದ ಬಂದ ಭಕ್ತಿವಂತರು. ಗುಡಿಯಲ್ಲಿ ಪಾದ್ರಿ ಓದಿದರೆ ಸಾಲದು, ಮನೆಮನೆಯಲ್ಲೂ ಬೈಬಲ್ ಇರಬೇಕು, ಗಂಡಸು ಹೆಂಗಸು ಮಕ್ಕಳು ಎಲ್ಲರೂ ಅದನ್ನು ಓದಬೇಕು ಅನ್ನೋದು ಅವರ ಹಟ. ಅದಕ್ಕೇ ಹೋದಲ್ಲೆಲ್ಲ ಮೊದಲು ಶಾಲೆ ತೆಗೆದರು. ಹೆಣ್ಣುಮಕ್ಕಳಿಗೂ ತೆಗೆದರು. ಬೆಳಿಗ್ಗೆ ಮತ್ತು ಸಂಜೆ ಮನೆ ಮಂದಿ ಕೂಡಿ ಕೂತು ಒಂದು ಭಾಗ ಓದುವುದು, ಒಂದು ಹಾಡು ಹೇಳುವುದು, ಆಮೇಲೆ ತಮ್ಮ ತಮ್ಮ ಮಾತಿನಲ್ಲೇ ದೇವರ ಹತ್ತಿರ ಮಾತಾಡುವುದು ಅವರ ಪದ್ಧತಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮಗೆ ಪ್ರಾರ್ಥನೆ ಅಂದರೆ ಬೆಳಿಗ್ಗೆ ಸಾಲಲ್ಲಿ ನಿಂತು ಹೇಳೋದು. ಬಾಯಿ ಹೇಳ್ತಿರುತ್ತೆ, ಮನಸ್ಸು ಹೋಂವರ್ಕ್ ಕಡೆ ಇರುತ್ತೆ. ಸುಳ್ಳು ಯಾಕೆ ಹೇಳಲಿ, ನನ್ನದೂ ಹಾಗೇ. ಏಸು ತನ್ನ ಶಿಷ್ಯರಿಗೆ ಕಲಿಸಿದ್ದು ಬೇರೆ ತರ. ಬೀದಿ ಮೂಲೆಯಲ್ಲಿ ನಿಂತು ಜನ ನೋಡಲಿ ಅಂತ ಪ್ರಾರ್ಥನೆ ಮಾಡಬೇಡಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾಡಿ, ಹೇಳಿದ್ದನ್ನೇ ಹೇಳಿ ಮಾತು ಬೆಳೆಸಬೇಡಿ ಎಂಬ ಅರ್ಥದ ಬೋಧನೆ ಮತ್ತಾಯನ ಸುವಾರ್ತೆಯಲ್ಲಿ ಇದೆ. ಅಲ್ಲೇ ಕಲಿಸಿದ ಪ್ರಾರ್ಥನೆ ಬಲು ಚಿಕ್ಕದು. ಅದರಲ್ಲಿ ವರ್ಷಕ್ಕಾಗುವಷ್ಟು ಕಾಳು ಕೇಳೋದಿಲ್ಲ, ಇವತ್ತಿಗೆ ಇವತ್ತಿನ ಊಟ ಕೇಳುತ್ತಾರೆ. ನಮಗೆ ತಪ್ಪು ಮಾಡಿದೋರನ್ನ ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಅಂತ ಕೇಳುತ್ತಾರೆ. ಇದನ್ನು ಓದಿದ ಮೇಲೆ ನಾನು ಎಣಿಸಿ ನೋಡಿದೆ, ನಾನು ಮಾತು ಬಿಟ್ಟಿರೋರು 2 ಜನ ಇದ್ದಾರೆ. ಆ ಪ್ರಾರ್ಥನೆ ಹೇಳೋದು ಸುಲಭ ಇಲ್ಲ.

ಇನ್ನು ಓದುವ ರೀತಿ. ಪರೀಕ್ಷೆಗೆ ಓದಿದ ಹಾಗೆ ಪುಟ ಮುಗಿಸೋದಲ್ಲ. ಒಂದು ಮಾತನ್ನು ತಗೊಂಡು ಅದನ್ನು ಹೊಲಕ್ಕೆ, ಮಗ್ಗಕ್ಕೆ, ಬಾವಿಗೆ ಹೊತ್ತುಕೊಂಡು ಹೋಗುವುದು. ಎಮ್ಮೆ ಸಂಜೆ ಕೊಟ್ಟಿಗೆಯಲ್ಲಿ ಮಲಗಿ ಬೆಳಿಗ್ಗೆ ಮೇದದ್ದನ್ನು ಮೆಲುಕು ಹಾಕಲ್ವೆ, ಹಾಗೆ. ನಮ್ಮ ಕಡೆಗೆ ಚೆನ್ನಾಗಿ ಹೊಂದೋ ಒಂದು ಕತೆ ಏಸು ಹೇಳಿದ್ದಾರೆ. ಒಬ್ಬ ಬಿತ್ತೋಕೆ ಹೋದ. ಕೆಲವು ಬೀಜ ದಾರಿ ಮೇಲೆ ಬಿದ್ದು ಹಕ್ಕಿ ತಿಂದವು. ಕೆಲವು ಕಲ್ಲು ನೆಲಕ್ಕೆ ಬಿದ್ದು ಬೇಗ ಮೊಳೆತು ಬಿಸಿಲಿಗೆ ಒಣಗಿದವು. ಕೆಲವು ಮುಳ್ಳಿನಲ್ಲಿ ಬಿದ್ದು ಮುಳ್ಳೇ ಬೆಳೆದು ಅದುಮಿಬಿಟ್ಟವು. ಒಳ್ಳೇ ನೆಲಕ್ಕೆ ಬಿದ್ದದ್ದು ಮಾತ್ರ 30, 60, 100ರಷ್ಟು ಫಸಲು ಕೊಟ್ಟಿತು. ಶೇಂಗಾ ಬಿತ್ತೋ ಮನೆಯವರಿಗೆ ಇದನ್ನು ಯಾರೂ ಅರ್ಥ ಹೇಳಬೇಕಿಲ್ಲ. ಕಲ್ಲು ನೆಲದ ಮೊಳಕೆ ಎಷ್ಟು ಬೇಗ ಬರುತ್ತೆ, ಎಷ್ಟು ಬೇಗ ಹೋಗುತ್ತೆ ಅಂತ ನಮಗಿಂತ ಯಾರಿಗೆ ಗೊತ್ತು. ಈ ಕತೆ ಒಂದು ಸಾರಿ ಕೇಳಿದರೆ ಹೊಲದ ಕತೆ. ದಿನಾ ನೆನೆದರೆ ಕೇಳೋನ ಮನಸ್ಸಿನ ಕತೆ, ಇವತ್ತು ನಾನು ಯಾವ ನೆಲ ಅಂತ. ಇದಕ್ಕೇ ಅವರು ಧ್ಯಾನ ಅನ್ನೋದು.

ಈ ಬೈಬಲ್ ಕನ್ನಡಕ್ಕೆ ಬಂದ ದಾರಿ ನಮ್ಮೂರಿಂದ ದೂರ ಏನಿಲ್ಲ. ಜಾನ್ ಹ್ಯಾಂಡ್ಸ್ ಅನ್ನೋ ಲಂಡನ್ ಮಿಶನ್ ಪಾದ್ರಿ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ಹಿಡಿದರು. ಮುಂದೆ ಅದನ್ನು ಬೇರೆ ಬೇರೆ ಪಾದ್ರಿಗಳು ತಿದ್ದಿದರು. ಹಾಗೆ ತಿದ್ದಿದವರಲ್ಲಿ ಬೆಂಗಳೂರಿನ ಬೆಂಜಮಿನ್ ರೈಸ್ ಒಬ್ಬರು. ಅವರ ಮಗನೇ ಬಿ.ಎಲ್. ರೈಸ್. ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು! ಪ್ರವಾಸಕ್ಕೆ ಹೋದಾಗ ನಾವೆಲ್ಲ ಆ ಬಂಡೆ ನೋಡಿದೀವಿ. ತಂದೆ ತಾಯಿ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಅನ್ನೋ ಅರ್ಥದ ಮಾತು ಅದರಲ್ಲಿ ಇದೆ. ಅಪ್ಪ ಕಾಗದದ ಮೇಲಿನ ಧರ್ಮದ ಮಾತು ತಿದ್ದಿದ, ಮಗ ಬಂಡೆ ಮೇಲಿನ ಧರ್ಮದ ಮಾತು ಓದಿದ. ಇದು ವಿಷಯಕ್ಕೆ ಸ್ವಲ್ಪ ಪಕ್ಕಕ್ಕೆ ಹೋಯಿತು, ಆದರೆ ಬಿಡೋಕೆ ಮನಸ್ಸು ಬರಲಿಲ್ಲ.

ಮತ್ತೆ ಚನ್ನಪ್ಪನವರ ಕಡೆ ಬರೋಣ. ಧಾರವಾಡದ ಬಾಸೆಲ್ ಮಿಶನ್ ಶಾಲೆಯಲ್ಲಿ ಓದಿದರು. ಆಮೇಲೆ ಮಂಗಳೂರಿಗೆ ಹೋಗಿ ಬಲ್ಮಠದಲ್ಲಿರುವ ಮಿಶನ್ನಿನ ದೈವಶಾಸ್ತ್ರ ಶಾಲೆಯಲ್ಲಿ ಕಲಿತರು. ಉಪದೇಶಿಯಾಗಿ ಹುಬ್ಬಳ್ಳಿ, ಹಡಗಲಿ ಮುಂತಾದ ಕಡೆ ಕೆಲಸ ಮಾಡಿದರು. 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಗಿ, ಜರ್ಮನಿ ಮತ್ತು ಇಂಗ್ಲೆಂಡ್ ವೈರಿಗಳಾದವು. ಇಲ್ಲಿದ್ದ ಜರ್ಮನ್ ಪಾದ್ರಿಗಳನ್ನು ಇಂಗ್ಲಿಷ್ ಸರಕಾರ ಬಂಧಿಸಿ ಊರಿಗೆ ಕಳಿಸಿಬಿಟ್ಟಿತು. ಸಭೆಗಳ ಭಾರ ನಮ್ಮ ಜನರ ಹೆಗಲಿಗೂ ಬಂತು. ಪರದೇಶದ ಪಾದ್ರಿ ಹೇಳಿಕೊಟ್ಟದ್ದನ್ನು ಒಪ್ಪಿಸೋದು ಬೇರೆ, ತಾನೇ ಓದಿ ತನ್ನ ಜನಕ್ಕೆ ತನ್ನ ಮಾತಿನಲ್ಲಿ ಹೇಳೋದು ಬೇರೆ. ಚನ್ನಪ್ಪನವರು ಎರಡನೇ ದಾರಿಯವರು.

ಆ ಕಾಲದ ಉಪದೇಶಿಗಳ ಕೆಲಸ ಗುಡಿ ಒಳಗೆ ಮಾತ್ರ ಅಲ್ಲ. ಸಂತೆ, ಜಾತ್ರೆ, ಅಗಸೆಬಾಗಿಲು, ಕಟ್ಟೆ ಎಲ್ಲಾ ಕಡೆ ನಿಂತು ಮಾತಾಡಬೇಕಿತ್ತು. ನಮ್ಮ ಜನ ಸುಮ್ಮನೆ ಕೇಳ್ತಾರೇನು? ಎದುರು ಮಾತು ಕೊಡ್ತಾರೆ, ಗಾದೆ ಹೇಳ್ತಾರೆ, ವಚನ ಹೇಳ್ತಾರೆ, ತತ್ವಪದ ಹಾಡ್ತಾರೆ. ಅಂಥಲ್ಲಿ ಎಲ್ಲರ ಬಾಯಲ್ಲೂ ಇದ್ದವನು ಸರ್ವಜ್ಞ. ಬೈಬಲಿನ ಕನ್ನಡ ಆಗ ಬಿಳಿ ಜನ ಪಂಡಿತರನ್ನು ಕೂರಿಸಿಕೊಂಡು ಮಾಡಿದ ಕನ್ನಡ, ಕೆಲವು ಕಡೆ ಬಾಯಿಗೆ ಸಿಕ್ಕದ ಹಾಗೆ ಇತ್ತು. ಸರ್ವಜ್ಞನದು ರೊಟ್ಟಿ ತಿನ್ನೋ ಬಾಯಿಯ ಕನ್ನಡ. 3 ಸಾಲಿನಲ್ಲಿ ಮಾತು ಮುಗಿಯುತ್ತೆ. ಬೈಬಲಿನಲ್ಲೂ ಜ್ಞಾನೋಕ್ತಿಗಳು ಅಂತ ಒಂದು ಭಾಗ ಇದೆ. ಅಲ್ಲಿ ಸೋಮಾರಿಗೆ ಇರುವೆಯನ್ನು ನೋಡಿ ಕಲಿ ಅನ್ನೋ ತರದ ಬುದ್ಧಿಮಾತು ಇವೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಅಣ್ಣ ತಮ್ಮ ಅನ್ನಿಸುತ್ತೆ.

ಸರ್ವಜ್ಞನ ಕೆಲಸ ಎಷ್ಟು ಕಷ್ಟ ಅಂತ ನಾನು ಮೊದಲು ತಿಳಿದಿರಲಿಲ್ಲ. ಕೂಡಿಸಿ ಬರೆದರೆ ಆಯಿತು ಅಂತ ಇದ್ದೆ. ಆದರೆ ಯೋಚನೆ ಮಾಡಿ. ಕೊನೆಗೆ ಸರ್ವಜ್ಞ ಅಂತ ಸೇರಿಸಿದರೆ ಯಾರು ಬೇಕಾದರೂ ಒಂದು ವಚನ ಕಟ್ಟಬಹುದು. ಕಟ್ಟಿದ್ದಾರೆ ಕೂಡ. ಕಳೆದ ವರ್ಷ ನಮ್ಮ ತರಗತಿಯವರೇ ಮಧ್ಯಾಹ್ನದ ಗಂಟೆ ಮೇಲೆ ಒಂದು ಕಟ್ಟಿದ್ದು ನೆನಪಿರಬಹುದು. 300, 400 ವರ್ಷ ಜನರ ಬಾಯಲ್ಲಿ ಹರಿದು ಬಂದದ್ದರಲ್ಲಿ ಯಾವುದು ಅವನದು, ಯಾವುದು ಆಮೇಲೆ ಸೇರಿದ್ದು? ಒಂದೇ ವಚನ ಒಂದು ಊರಲ್ಲಿ ಒಂದು ತರ, ಇನ್ನೊಂದು ಊರಲ್ಲಿ ಇನ್ನೊಂದು ತರ. ಒಂದು ಓಲೆಯಲ್ಲಿ ಒಂದು ಅಕ್ಷರ ಹುಳ ತಿಂದಿದೆ, ಇನ್ನೊಂದರಲ್ಲಿ ಬರೆದವನು ತಪ್ಪು ಬರೆದಿದ್ದಾನೆ. ಒಂದೊಂದನ್ನೂ ಎದುರಿಗಿಟ್ಟುಕೊಂಡು, ಬೇರೆ ಪ್ರತಿಗೆ ಹೋಲಿಸಿ, ಅರ್ಥ ಕೂಡುತ್ತಾ, ಛಂದಸ್ಸು ಕೂಡುತ್ತಾ, ಸರ್ವಜ್ಞನ ಸ್ವಭಾವಕ್ಕೆ ಹೊಂದುತ್ತಾ ಅಂತ ನೋಡಬೇಕು. ಚನ್ನಪ್ಪನವರು ಇದಕ್ಕೆ ವರ್ಷಗಟ್ಟಲೆ ಕೂತರು. ಸುಮಾರು 2 ಸಾವಿರ ವಚನಗಳನ್ನು ವಿಷಯದ ಪ್ರಕಾರ ಪದ್ಧತಿಗಳಾಗಿ ವಿಂಗಡಿಸಿ, ದೊಡ್ಡ ಪೀಠಿಕೆ ಬರೆದು, 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟಿಸಿದರು. ಅದರ ಹಿಂದಿನ ವರ್ಷ, 1923ರಲ್ಲಿ, ಬಿಜಾಪುರದ ಫ.ಗು. ಹಳಕಟ್ಟಿಯವರು ಬಸವಾದಿ ಶರಣರ ವಚನ ಸೇರಿಸಿ ‘ವಚನಶಾಸ್ತ್ರಸಾರ’ ತಂದಿದ್ದರು. ಒಬ್ಬರು ವಕೀಲರು, ಒಬ್ಬರು ಪಾದ್ರಿ. ಇಬ್ಬರಿಗೂ ಇದು ಸಂಬಳದ ಕೆಲಸ ಅಲ್ಲ.

ಈ ತಾಳ್ಮೆ ಎಲ್ಲಿಂದ ಬಂತು? ನನಗೆ ಹೊಳೆದದ್ದು ಇದು. ದಿನಾ ಒಂದು ಶಾಸ್ತ್ರವಚನವನ್ನು ತಿರುಗಿಸಿ ತಿರುಗಿಸಿ ನೋಡಿ ಅಭ್ಯಾಸ ಇದ್ದ ಕಣ್ಣು ಅದು. ಒಂದು ಅಕ್ಷರವನ್ನೂ ಹಗುರ ಮಾಡದೆ ನೋಡೋ ಕಣ್ಣು. ಬೈಬಲಿಗೆ ಕೊಟ್ಟ ಶ್ರದ್ಧೆಯನ್ನೇ ಒಬ್ಬ ಭಿಕ್ಷೆ ಬೇಡಿ ತಿರುಗಿದ ಕವಿಯ ಮಾತಿಗೂ ಕೊಟ್ಟರು. ಇವರನ್ನು ತಿರುಳ್ಗನ್ನಡದ ತಿರುಕ ಅಂತ ಕರೆಯುತ್ತಾರೆ. ತಿರುಕ ಅಂದರೆ ಭಿಕ್ಷುಕ. ಸರ್ವಜ್ಞನೂ ತಿರುಕನೇ ಅಲ್ಲವೆ?

ತ್ರಿಪದಿ ಅಂದಕೂಡಲೆ ನನಗೆ ನಮ್ಮಜ್ಜಿಯ ಬೀಸೋ ಕಲ್ಲು ನೆನಪಿಗೆ ಬರುತ್ತೆ. ಬೀಸೋ ಪದ ಕೂಡ 3 ಸಾಲಿನದೇ. ಅಜ್ಜಿ ಹೇಳೋ ಪ್ರಕಾರ, ಹಿಂದೆ ಕೋಳಿ ಕೂಗೋಕೆ ಮುಂಚೆ ಎದ್ದು ಕಲ್ಲಿನ ಮುಂದೆ ಕೂತು, ಮೊದಲು ದೇವರನ್ನ ನೆನೆದು ಪದ ತೆಗೀತಿದ್ರಂತೆ. ಆಮೇಲೆ ತವರು ಮನೆ, ಅಣ್ಣ, ಕಷ್ಟ, ಸುಖ ಎಲ್ಲ ಅದರಲ್ಲೇ. ರಾಗಿ ಹಿಟ್ಟಾಗೋ ಹೊತ್ತಿಗೆ ಮನಸ್ಸೂ ಹಗುರ. ಈಗ ಮಿಲ್ಲು ಬಂದಿದೆ, ಕಲ್ಲು ಹಿತ್ತಲಲ್ಲಿ ಬೋರಲು ಬಿದ್ದಿದೆ, ಕೋಳಿ ಅದರ ಮೇಲೆ ಕೂರುತ್ತೆ. ಕೈಕೆಲಸ ಮತ್ತು ಪ್ರಾರ್ಥನೆ ಜೊತೆಯಲ್ಲಿ ಹೋಗೋದು ಕ್ರೈಸ್ತರಿಗೆ ಮಾತ್ರ ಗೊತ್ತಿದ್ದ ವಿದ್ಯೆ ಏನಲ್ಲ ಅಂತ ಹೇಳೋಕೆ ಇದನ್ನು ಬರೆದೆ. ಇದು ಚನ್ನಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು, ಯಾಕಂದರೆ ಮುಂದೆ ಅವರು ಕೈಗೆತ್ತಿಕೊಂಡ ಶರಣರನ್ನು ನೋಡಿದರೆ ತಿಳಿಯುತ್ತೆ. ಅದನ್ನು ಆಮೇಲೆ ಹೇಳ್ತೀನಿ.

ಅದಕ್ಕೆ ಮೊದಲು 1921ರಲ್ಲಿ ಅವರು ಬರೆದ ಒಂದು ಪುಸ್ತಕ ಇದೆ, ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಬನಾರಸ ಅಂದರೆ ಕಾಶಿ. ಬೆತ್ಲೆಹೇಮ್ ಅಂದರೆ ಏಸು ಹುಟ್ಟಿದ ಊರು. ಹೆಸರಲ್ಲೇ ಗಮನಿಸಿ, ಅಪ್ಪಣೆ ಅಲ್ಲ, ವಿನಂತಿ. ಏಸುವನ್ನು ಈ ದೇಶದವರು ಪರದೇಶದ ದೊರೆಗಳ ದೇವರು ಅಂತ ದೂರ ಇಡದೆ ಹತ್ತಿರದಿಂದ ನೋಡಿ ಅನ್ನೋದು ಅವರ ಆಸೆ. ಇದೇ ಕಾಲದ ಸುಮಾರಿಗೆ ಮಹಾರಾಷ್ಟ್ರದಲ್ಲೂ ಇಂಥವರು ಒಬ್ಬರಿದ್ದರು, ನಾರಾಯಣ ವಾಮನ ಟಿಳಕ ಅಂತ ಮರಾಠಿ ಕವಿ. 1861ರಲ್ಲಿ ಹುಟ್ಟಿ 1919ರಲ್ಲಿ ತೀರಿಕೊಂಡರು. ಬ್ರಾಹ್ಮಣರಾಗಿ ಹುಟ್ಟಿ ಕ್ರೈಸ್ತರಾದ ಮೇಲೂ ತುಕಾರಾಮನ ಅಭಂಗ ಬಿಡಲಿಲ್ಲ, ಅದೇ ಧಾಟಿಯಲ್ಲಿ ಏಸುವಿನ ಭಜನೆ ಕಟ್ಟಿದರು. ತುಕಾರಾಮನ ಸೇತುವೆ ಮೇಲೆ ನಡೆದೇ ತಾನು ಕ್ರಿಸ್ತನ ಹತ್ತಿರ ಬಂದೆ ಅನ್ನೋದು ಅವರ ಭಾವ. ಚನ್ನಪ್ಪನವರ ಸೇತುವೆ ಸರ್ವಜ್ಞ ಮತ್ತು ಶರಣರು. ಆದರೆ ಸೇತುವೆ ಮೇಲೆ ನಿಂತೋರಿಗೆ ಎರಡೂ ದಡದವರು ಕಲ್ಲು ಬೀರುತ್ತಾರೆ. ಪಾದ್ರಿಯಾಗಿ ಇವರಿಗೆ ಯಾಕೆ ಲಿಂಗಾಯತರ ಗೊಡವೆ ಅಂತ ತಮ್ಮವರಲ್ಲೇ ಕೆಲವರು ಅನುಮಾನ ಪಟ್ಟರು. ವಚನ ಓದೋದರ ಹಿಂದೆ ಮತಕ್ಕೆ ಸೇರಿಸೋ ಉಪಾಯ ಇರಬಹುದು ಅಂತ ಈ ಕಡೆಯೂ ಕೆಲವರು ಅನುಮಾನ ಪಟ್ಟರು.

ಈ ಎರಡನೇ ಅನುಮಾನವನ್ನು ನಾನೂ ಮೇಷ್ಟ್ರ ಮುಂದೆ ಇಟ್ಟೆ. ಅವರು ಉತ್ತರ ಕೊಡಲಿಲ್ಲ, ಅವರು ಬರೆದ ಪುಸ್ತಕಗಳ ಹೆಸರು ಬರೆದುಕೋ, ಆಮೇಲೆ ನೀನೇ ಹೇಳು ಅಂದರು. ಬರೆದುಕೊಂಡೆ. ಏಸುವಿನ ಮೇಲಿನ ಪ್ರೀತಿಯನ್ನು ಅವರು ಎಲ್ಲೂ ಮುಚ್ಚಿಟ್ಟಿಲ್ಲ, ಪುಸ್ತಕದ ಹೆಸರಿನಲ್ಲೇ ಇಟ್ಟಿದ್ದಾರೆ. ಉಪಾಯ ಮಾಡೋರು ಮುಚ್ಚಿಡುತ್ತಾರೆ. ಹಾಗಂತ ಎಲ್ಲಾ ಒಂದೇ ಅಂತ ಜಾರಿಕೊಂಡೋರೂ ಅಲ್ಲ. ಕೊನೇತನಕ ಕ್ರೈಸ್ತರಾಗೇ ಇದ್ದರು. ತನ್ನ ದೇವರನ್ನು ಬಿಡದೆ ಇನ್ನೊಬ್ಬರ ದೇವರ ಮಾತನ್ನು ಅವರಿಗಿಂತ ಹೆಚ್ಚು ಶ್ರದ್ಧೆಯಿಂದ ಓದೋದು ಎಷ್ಟು ಕಷ್ಟ ಅಂತ, ನಮ್ಮೂರ ಹಬ್ಬಗಳಲ್ಲಿ ಯಾರ ತಮಟೆ ಮುಂದೆ ಹೋಗಬೇಕು ಅಂತ ಆಗೋ ಜಗಳ ನೋಡಿದರೆ ಗೊತ್ತಾಗುತ್ತೆ.

ಪಟ್ಟಿಯಲ್ಲಿ ನನ್ನನ್ನು ಬಹಳ ಹಿಡಿದು ನಿಲ್ಲಿಸಿದ ಹೆಸರು ‘ಬಸವೇಶ್ವರನೂ ಅಸ್ಪೃಶ್ಯರ ಉದ್ಧಾರವೂ’. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದ್ದು, ಅದಕ್ಕೆ ಅವರು ತೆತ್ತ ಬೆಲೆ ನಮಗೆಲ್ಲ ಪಾಠದಲ್ಲಿ ಗೊತ್ತು. ಏಸು ಕೂಡ ಜನ ಮುಟ್ಟದ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ್ದು, ಊರು ದೂರ ಇಟ್ಟ ಸುಂಕದವರ ಮನೆಯಲ್ಲಿ ಕೂತು ಉಂಡಿದ್ದು ಸುವಾರ್ತೆಯಲ್ಲಿ ಇದೆ. ಇವೆರಡನ್ನೂ ದಿನಾ ಓದೋ ಮನುಷ್ಯ ಸುಮ್ಮನೆ ಹೇಗಿರ್ತಾನೆ? ಒಂದು ಊರಿನ ಹೋಟ್ಲಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟಿದ್ದನ್ನ ನಾನು ಚಿಕ್ಕವನಿದ್ದಾಗ ಕಣ್ಣಾರೆ ನೋಡಿದೀನಿ. ಊರ ಹೆಸರು ಬೇಡ. ಲೋಟದ ಹಿಂದಿನ ಗೋಡೆಗೆ ಬಸವಣ್ಣನ ಫೋಟೋ ಹಾಕಿ ಊದುಬತ್ತಿ ಹಚ್ಚಿದ್ದರು. ಅವತ್ತು ನನಗೆ ಏನೂ ಅನ್ನಿಸಲಿಲ್ಲ, ಟೀ ಕುಡಿದು ಬಂದೆ. ಈ ಲೇಖನ ಬರೀವಾಗ ಆ ಫೋಟೋ ನೆನಪಿಗೆ ಬಂತು.

1949ರಲ್ಲಿ ಇವರಿಗೆ ದೊಡ್ಡ ಗೌರವ ದೊರೆಯಿತು. ಕಲಬುರ್ಗಿಯಲ್ಲಿ ನಡೆದ 32ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಇವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಅದರ ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ತಾನೇ ನಿಜಾಮನ ಹೈದರಾಬಾದು ಭಾರತಕ್ಕೆ ಸೇರಿತ್ತು. ಕನ್ನಡದವರು ಆಗ ಹರಿದು ಹಂಚಿಹೋಗಿದ್ದರು. ಧಾರವಾಡ ಮುಂಬಯಿಗೆ ಸೇರಿತ್ತು, ಬಳ್ಳಾರಿ ಮತ್ತು ಹಡಗಲಿ ಮದರಾಸಿಗೆ, ಕಲಬುರ್ಗಿ ಹೈದರಾಬಾದಿಗೆ. ನಮ್ಮ ಮೊಳಕಾಲ್ಮುರು ಮೈಸೂರಿನದು, ಆದರೆ ಸುತ್ತ ಮದರಾಸಿನ ಹಳ್ಳಿಗಳು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, 1956ರ ನವೆಂಬರ್ 1ರಂದು ಎಲ್ಲಾ ಒಂದಾಯಿತು. ಅಂಥ ಹೊತ್ತಿನಲ್ಲಿ ಎಲ್ಲರೂ ಒಪ್ಪಿ ಕೂರಿಸಿದ್ದು ಒಬ್ಬ ಪಾದ್ರಿಯನ್ನು.

ವಯಸ್ಸು 70 ಹತ್ತಿರ ಬಂದ ಮೇಲೂ ಕೆಲಸ ನಿಲ್ಲಲಿಲ್ಲ. 1950ರಲ್ಲಿ ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯ ವಚನಗಳನ್ನು ಸಂಪಾದಿಸಿದರು. ಆಗಲೇ ಹೇಳ್ತೀನಿ ಅಂದಿದ್ದು ಇದನ್ನೇ. ಮಾರಯ್ಯ ಕಾಶ್ಮೀರದ ರಾಜ ಅಂತ ಕತೆ. ರಾಜ್ಯ ಬಿಟ್ಟು ಹೆಂಡತಿ ಜೊತೆ ಕಲ್ಯಾಣಕ್ಕೆ ಬಂದು, ಕಾಡಿಂದ ಸೌದೆ ಹೊರೆ ತಂದು ಮಾರಿ, ಬಂದದ್ದರಲ್ಲಿ ಬಂದವರಿಗೆ ಅಂಬಲಿ ಕೊಟ್ಟು ತಾವೂ ಉಣ್ಣುತ್ತಿದ್ದರು. ಬಸವಣ್ಣ ವೇಷ ಮರೆಸಿಕೊಂಡು ಅವರ ಮನೆಗೆ ಹೋಗಿ ಅಂಬಲಿ ಕುಡಿದು, ಬರುವಾಗ ಹೊನ್ನಿನ ಗಂಟು ಬಿಟ್ಟು ಬಂದನಂತೆ. ಮಾರಯ್ಯ ಅದನ್ನು ಇಟ್ಟುಕೊಳ್ಳಲಿಲ್ಲ, ಜಂಗಮರಿಗೆ ಹಂಚಿಬಿಟ್ಟ. ನಾಳೆಗೆ ಅಂತ ಕೂಡಿಡಲಿಲ್ಲ. ಇವತ್ತಿನ ಊಟ ಇವತ್ತಿಗೆ ಸಾಕು ಅಂತ ಕೇಳೋ ಆ ಚಿಕ್ಕ ಪ್ರಾರ್ಥನೆ ಮೇಲೆ ಬರೆದಿದ್ದೆನಲ್ಲ, ಅದನ್ನು ದಿನಾ ಹೇಳೋ ಪಾದ್ರಿಗೆ ಸೌದೆ ಮಾರೋ ಮಾರಯ್ಯ ಸಿಕ್ಕಾಗ ಏನನ್ನಿಸಿರಬೇಡ! ಇಬ್ಬರ ದೇವರ ಹೆಸರು ಬೇರೆ, ಗಡಿಗೆ ಒಂದೇ.

ಮಾರನೇ ವರ್ಷ 1951ರಲ್ಲಿ ‘ಅನುಭವ ಮಂಟಪದ ಐತಿಹಾಸಿಕತೆ’ ಬಂತು. ಅನುಭವ ಮಂಟಪ ಅನ್ನೋದು ನಿಜವಾಗಿ ಇರಲೇ ಇಲ್ಲ, ಆಮೇಲಿನವರ ಕಲ್ಪನೆ ಅಂತ ವಿದ್ವಾಂಸರಲ್ಲಿ ವಾದ ಎದ್ದಿತ್ತು. ವಚನಗಳ ಒಳಗಿಂದಲೇ ಆಧಾರ ಹುಡುಕಿ, ಇತ್ತು ಅಂತ ವಾದಿಸಿದವರು ಇವರು. ಶರಣರು ಒಬ್ಬರ ಅನುಭವ ಒಬ್ಬರು ಕೇಳಿ, ತಪ್ಪಿದ್ದರೆ ಮುಖಕ್ಕೇ ಹೇಳಿ, ಕೂಡಿ ಚಿಂತನೆ ಮಾಡಿದ ಜಾಗ ಅದು. 1955ರಲ್ಲಿ ಸಿದ್ಧರಾಮನ ಸಾಹಿತ್ಯ ಸಂಗ್ರಹವೂ ಬಂತು. ಉಳಿದ ಪುಸ್ತಕಗಳ ಹೆಸರು ಜಾಗ ಸಾಲದ ಕಾರಣ ಬರೆದಿಲ್ಲ.

ಕೊನೆಯ ವರ್ಷಗಳನ್ನು ಚನ್ನಪ್ಪನವರು ಹೂವಿನ ಹಡಗಲಿಯಲ್ಲಿ ಕಳೆದರು. ಹಿರಿಯರ ಉತ್ತಂಗಿ ಊರು ಇರುವ ತಾಲ್ಲೂಕಿಗೇ ಸುತ್ತಿ ಬಂದ ಹಾಗಾಯಿತು. ಆಗ ಅದು ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಮಲ್ಲಿಗೆ ಹೂವಿಗೆ ಹೆಸರಾದ ಊರು. ಮೈಲಾರಲಿಂಗನ ಜಾತ್ರೆ ನಡೆಯೋದೂ ಆ ತಾಲ್ಲೂಕಲ್ಲೇ. ನಮ್ಮ ಕಡೆಯಿಂದಲೂ ಹೋಗ್ತಾರೆ. ಗೊರವಯ್ಯ ದೊಡ್ಡ ಬಿಲ್ಲು ಏರಿ ನಿಂತಾಗ ಲಕ್ಷಾಂತರ ಜನ ಒಮ್ಮೆಲೇ ಗಪ್ ಆಗ್ತಾರೆ. ಅವನು ಹೇಳೋದು ಒಂದೇ ಒಂದು ಮಾತು, ಕಾರಣಿಕ. ಆಮೇಲೆ ಅದನ್ನು ಹೊತ್ತುಕೊಂಡು ಬಂದು ಮಳೆ ಬರುತ್ತೋ ಇಲ್ಲವೋ, ಹಿಂಗಾರು ಹೆಂಗೋ ಅಂತ ವರ್ಷವೆಲ್ಲ ಕಟ್ಟೆ ಮೇಲೆ ಕೂತು ಅರ್ಥ ಮಾಡ್ತಾರೆ. ನಮ್ಮಪ್ಪನೂ ಮಾಡ್ತಾರೆ. ಒಂದು ಮಾತನ್ನು ಮೆಲುಕು ಹಾಕೋದು ಅಂದರೆ ಏನು ಅಂತ ನಮ್ಮ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಮಳೆಗೆ ಕೊಡೋ ಗಮನವನ್ನು ಮನಸ್ಸಿಗೂ ಕೊಡ್ತೀವಾ ಅನ್ನೋದು ಬೇರೆ ಮಾತು.

1962ನೇ ಇಸವಿ ಆಗಸ್ಟ್ 28ರಂದು ಹಡಗಲಿಯಲ್ಲಿ ಚನ್ನಪ್ಪನವರು ನಿಧನರಾದರು. ಆಗ ಅವರಿಗೆ 80 ವರ್ಷ ವಯಸ್ಸು. ಹುಟ್ಟಿದ್ದೂ 28ನೇ ತಾರೀಖು, ತೀರಿಕೊಂಡದ್ದೂ 28ನೇ ತಾರೀಖು.

ಅವರು ಸಂಪಾದಿಸಿದ ಸರ್ವಜ್ಞನ ವಚನಗಳ ಒಂದು ಪ್ರತಿ ಕನ್ನಡ ಮೇಷ್ಟ್ರ ಹತ್ತಿರ ಇದೆ. ಕೇಳಿದರೆ ಕೊಡ್ತಾರೆ. ರಟ್ಟು ಕಿತ್ತು ಬಂದಿದೆ, ನಡುವೆ ಕೆಲವು ಹಾಳೆ ಸಡಿಲ ಆಗಿವೆ, ಆದ್ದರಿಂದ ಎಂಜಲು ಕೈಯಿಂದ ಹಾಳೆ ತಿರುವಬೇಡಿ. ನಾನು ಸಾಲದ ಪದ್ಧತಿವರೆಗೆ ಓದಿದೀನಿ. ಅಜ್ಜಿ ಹೇಳೋ ವಚನ ಅದರಲ್ಲಿ ಇದೆ, ಆದರೆ ಎರಡನೇ ಸಾಲಿನಲ್ಲಿ ಒಂದು ಪದ ಬೇರೆ. ಅಜ್ಜಿಗೆ ಹೇಳಿದೆ. ಪುಸ್ತಕದ್ದೇ ತಪ್ಪು ಅಂದಳು.